ಕಚ್ಚಿಟ್ಟ ರೊಟ್ಟಿ

ಮೂರನೆಯ ಗವಸು ಎಂದಿನಂತೆ ಅರ್ಧಕ್ಕೇ ಸಿಕ್ಕಿಕೊಂಡಿತು. ಬುರುಲ್ ತುದಿಗಾಲಲ್ಲಿ ನಿಂತು, ವಿಮಾನದ ತಣ್ಣನೆಯ ಮೂತಿಗೆ ಒಂದು ಕೈ ಊರಿ, ಇನ್ನೊಂದು ಕೈಯಿಂದ ಕೆಂಪು ಪಟ್ಟಿಯನ್ನು ಜಗ್ಗಿದಳು. ಹಟಮಾರಿ ಕರುವಿನ ಹಗ್ಗ ಎಳೆದ ಹಾಗೆ ಎರಡು ಸಲ ಎಳೆದ ಮೇಲೆ ಗವಸು ಕಳಚಿ ಬಂತು. ಅದರ ತುದಿಯಲ್ಲಿ ಬೆರಳು ತೂರುವಷ್ಟು ತೂತು. ಹೊಸದೊಂದನ್ನು ಹೊಲಿಸಿಕೊಡು ಎಂದು ಮೆಕ್ಯಾನಿಕ್ ಇಸ್ಮಾತ್‌ಗೆ ಹೇಳಬೇಕೆಂದು ಹೋದ ವಾರವೇ ಅಂದುಕೊಂಡಿದ್ದಳು. ಇವತ್ತೂ ಅಂದುಕೊಂಡಳು. ಗವಸು ಕಳಚಿದ ಕೊಳವೆಯ ಬಾಯೊಳಗೆ ಇಣುಕಿದಳು. ಕತ್ತಲು ಕಂಡಿತು. ಅಲ್ಲಿ ಯಾವಾಗಲೂ ಕಾಣುವುದು ಕತ್ತಲೇ.

ಕಿರುಬೆರಳಿನಷ್ಟು ದಪ್ಪದ ಮೂರು ಕೊಳವೆಗಳು. ಅವುಗಳೊಳಗೆ ನುಗ್ಗುವ ಗಾಳಿಯೇ ವಿಮಾನ ಎಷ್ಟು ವೇಗದಲ್ಲಿದೆ ಎಂದು ಒಳಗಿನ ಮುಳ್ಳುಗಳಿಗೆ ತಿಳಿಸಬೇಕು. ಒಂದು ಕೊಳವೆ ಕ್ಯಾಪ್ಟನ್ನಿನ ಮುಳ್ಳಿಗೆ, ಒಂದು ಅವಳ ಮುಳ್ಳಿಗೆ, ಇನ್ನೊಂದು ಎರಡೂ ಕೈಕೊಟ್ಟ ದಿನಕ್ಕೆ. ಗವಸುಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಅವಳು ರೆಕ್ಕೆಯ ಕಡೆಗೆ ನಡೆದಳು. ಸುಲೈಮಾನ್ ಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು. ನಿಲ್ದಾಣದ ಬೇಲಿಯಾಚೆ ಜರ್ದಾಳು ಮರಗಳು ಹೂಬಿಟ್ಟಿದ್ದವು. ಬಾಯಲ್ಲಿ ಇನ್ನೂ ಬೆಳಗಿನ ರೊಟ್ಟಿಯ ಎಳ್ಳು ಸಿಗುತ್ತಿತ್ತು.

ಪ್ರತಿ ಹಾರಾಟದ ಬೆಳಿಗ್ಗೆ ಅವಳ ತಾಯಿ ಅನಿಪಾ ತಂದೂರಿನಿಂದ ಆಗಷ್ಟೇ ತೆಗೆದ ದುಂಡು ರೊಟ್ಟಿಯನ್ನು ಹೊಸ್ತಿಲಲ್ಲಿ ಮಗಳ ಬಾಯಿಗೆ ಹಿಡಿಯುತ್ತಾಳೆ. ಬುರುಲ್ ಒಂದು ತುತ್ತು ಕಚ್ಚಬೇಕು. ಉಳಿದ ರೊಟ್ಟಿಯನ್ನು ತಾಯಿ ಬಟ್ಟೆಯಲ್ಲಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕುತ್ತಾಳೆ. ಹೋದವರು ತಿರುಗಿ ಬಂದು ತಾವು ಕಚ್ಚಿಟ್ಟ ರೊಟ್ಟಿಯನ್ನು ತಾವೇ ತಿಂದು ಮುಗಿಸಬೇಕು. ರೊಟ್ಟಿ ಕಾಯುತ್ತದೆ, ಆದ್ದರಿಂದ ಮನುಷ್ಯ ಬರುತ್ತಾನೆ. ಸೈನ್ಯಕ್ಕೆ ಹೋಗುವ ಹುಡುಗರಿಗೆ, ರಷ್ಯಾಕ್ಕೆ ಕೂಲಿಗೆ ಹೋಗುವ ಗಂಡಸರಿಗೆ ಊರೆಲ್ಲ ಹೀಗೇ ಮಾಡುತ್ತದೆ. ಬಾತ್ಕೆನ್‌ಗೆ ಹೋಗಿ ಊಟದ ಹೊತ್ತಿಗೆ ವಾಪಸ್ಸಾಗುವ ಮಗಳಿಗೂ ಮಾಡುವವಳು ಅನಿಪಾ ಒಬ್ಬಳೇ ಇರಬೇಕು.

ಆ ಗೋಡೆಯಲ್ಲಿ ಎರಡು ಮೊಳೆಗಳಿವೆ. ಒಂದರ ಗಂಟು ಸಂಜೆಗೆ ಖಾಲಿಯಾಗುತ್ತದೆ. ಇನ್ನೊಂದು ಇಪ್ಪತ್ತೆರಡು ವರ್ಷಗಳಿಂದ ತೂಗುತ್ತಿದೆ. ಅದು ಬುರುಲ್‌ಳ ಅಪ್ಪ ಸುಯೂನ್ ಕಚ್ಚಿಟ್ಟು ಹೋದ ರೊಟ್ಟಿ. ಅಪ್ಪನೂ ಪೈಲಟ್ಟು. ನವೆಂಬರಿನ ಒಂದು ಬೆಳಿಗ್ಗೆ ಅವನ ವಿಮಾನ ಅಲಾಯ್ ಬೆಟ್ಟಸಾಲಿಗೆ ಬಡಿಯಿತು. ಹವಾಮಾನ ಸರಿಯಿರಲಿಲ್ಲ ಎಂದು ತನಿಖೆಯವರು ಬರೆದರು. ಧ್ವನಿ ಹಿಡಿದಿಡುವ ಪೆಟ್ಟಿಗೆ ಸುಟ್ಟು ಕರಕಾಗಿತ್ತು. ಮುಂದೆ ಕೂತಿದ್ದ ಇಬ್ಬರಲ್ಲಿ ಬಲಗಡೆಯ ಸೀಟಿನ ಹುಡುಗ ಮಾತ್ರ ಬದುಕಿ ಬಂದ. ಅನಿಪಾ ತನ್ನದೇ ತೀರ್ಪು ಕೊಟ್ಟಳು. ‘ಒಂದೇ ಕೋಣೆಯಲ್ಲಿ ಇಬ್ಬರು ಕೂತಿದ್ರು. ನನ್ನ ಗಂಡನ ಕೈ ಎಂದೂ ತಪ್ಪಿದ್ದಲ್ಲ. ಹಾಗಿದ್ರೆ ತಪ್ಪಿದ ಕೈ ಯಾರದು?’ ಆ ಹುಡುಗನ ಹೆಸರು ಒರ್ಮೊನ್. ಮನೆಯಲ್ಲಿ ಆ ಹೆಸರನ್ನು ಯಾರೂ ಆಡುವಂತಿಲ್ಲ.

ಆ ಹುಡುಗನೀಗ ಕಿವಿಯ ಮೇಲೆ ನರೆತ ಕೂದಲಿನ ಕ್ಯಾಪ್ಟನ್. ಕಳೆದ ಚಳಿಗಾಲದಿಂದ ಬುರುಲ್ ಅವನ ಬಲಗಡೆಯ ಸೀಟಿನಲ್ಲಿ ಕೂರುತ್ತಿದ್ದಾಳೆ. ಕಂಪನಿ ಸಣ್ಣದು, ಕ್ಯಾಪ್ಟನ್‌ಗಳು ಕಡಿಮೆ. ಯಾರ ಪಕ್ಕ ಯಾರು ಎಂದು ಯಾರೂ ಕೇಳಲಿಲ್ಲ. ತಾಯಿಗೆ ಅವಳು ‘ವಿಕ್ತೊರ್ ಅಂತ ಒಬ್ಬ ರಷ್ಯನ್ ಮುದುಕ, ಒಳ್ಳೆಯವನು’ ಎಂದು ಹೇಳಿಬಿಟ್ಟಿದ್ದಳು. ಅಂದಿನಿಂದ ಆ ವಿಕ್ತೊರ್‌ಗೆ ಒಂದು ಹೆಂಡತಿ, ಮಂಡಿನೋವು, ಉಪ್ಪಿನಕಾಯಿಯ ಹುಚ್ಚು ಎಲ್ಲವನ್ನೂ ಹುಟ್ಟಿಸಬೇಕಾಗಿ ಬಂದಿತ್ತು. ಅನಿಪಾ ಅವನಿಗೆಂದು ಒಂದು ಬಾಟಲಿ ಸೌತೆಕಾಯಿ ಉಪ್ಪಿನಕಾಯಿಯನ್ನೂ ಕಳಿಸಿದ್ದಳು. ಬುರುಲ್ ಅದನ್ನು ಗಗನಸಖಿ ಚಿನಾರಾಗೆ ಕೊಟ್ಟಿದ್ದಳು.

ಸುಳ್ಳು ಹೇಳುವುದಾದರೂ ಅಭ್ಯಾಸವಾಗುತ್ತದೆ. ಒರ್ಮೊನ್‌ನ ಪಕ್ಕ ಕೂರುವುದು ಅಭ್ಯಾಸವಾಗಿರಲಿಲ್ಲ. ಗೇರು, ಗುಂಡಿ, ಮುಳ್ಳು ಎನ್ನುತ್ತ ಅವರಿಬ್ಬರೂ ದಿನವಿಡೀ ಮಾತಾಡುತ್ತಿದ್ದರು. ಆ ನವೆಂಬರಿನ ಬಗ್ಗೆ ಅವನು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಅವಳೂ ಕೇಳಿರಲಿಲ್ಲ. ಮೋಡದೊಳಗೆ ಹೊಕ್ಕಾಗಲೆಲ್ಲ ಅವನ ಕೈಗಳನ್ನು ನೋಡುತ್ತಿದ್ದಳು. ತಪ್ಪಿದ ಕೈ ಇದೇನಾ? ಇನ್ನು ಸಾಕೆನಿಸಿ, ತನ್ನನ್ನು ಬೇರೆ ಕ್ಯಾಪ್ಟನ್ ಜೊತೆ ಹಾಕಿ ಎಂದು ಮುಖ್ಯ ಪೈಲಟ್‌ನನ್ನು ಕೇಳಿದ್ದಳು. ‘ಯಾಕೆ, ಜಗಳವಾ?’ ಎಂದಿದ್ದ ಅವನು. ‘ಇಲ್ಲ.’ ‘ಹಾಗಾದ್ರೆ ಇನ್ನೊಂದ್ಸಲ ಯೋಚಿಸು. ಒರ್ಮೊನ್‌ಗಿಂತ ಒಳ್ಳೇವ್ರು ನಮ್ಮಲ್ಲಿಲ್ಲ. ಆದ್ರೂ ಬೇಕಂದ್ರೆ ನಾಳೆ ಬಂದು ಹೇಳು, ಬದಲಾಯಿಸ್ತೀನಿ.’ ಅದು ನಿನ್ನೆಯ ಮಾತು. ನಾಳೆ ಎಂದರೆ ಇವತ್ತು.

ಅವಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಒರ್ಮೊನ್ ಕಾಕ್‌ಪಿಟ್ಟಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಯಾರೂ ಇರಲಿಲ್ಲ. ಎಂದಿನಂತೆ ಅವನು ಎದೆಯ ಮೇಲೆ ಕೈಯಿಟ್ಟು ಆ ಖಾಲಿ ಸೀಟುಗಳಿಗೆ, “ಸಲಾಮ್ ಅಲೈಕುಂ,” ಎಂದು ತಲೆ ಬಗ್ಗಿಸಿ ಒಳಹೊಕ್ಕ.

“ಎಜೆ,” ಚಿನಾರಾ ಟೀ ಲೋಟಗಳನ್ನು ಜೋಡಿಸುತ್ತಾ ಕೇಳಿದಳು. ಬುರುಲ್ ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಹಾಗಾಗಿ ಅಕ್ಕ ಎನ್ನುವ ಆ ಮಾತು; ಕ್ಯಾಪ್ಟನ್ ಇಬ್ಬರಿಗೂ ಬೈಕೆ, ಅಣ್ಣ. “ಬೈಕೆ ದಿನಾ ಯಾರಿಗೆ ಸಲಾಮ್ ಹೇಳ್ತಾರೆ? ಬೆಳಗಿಂದ ಇಲ್ಲಿ ಸಾಯ್ತಿರೋ ನನಗಂತೂ ಹೇಳಲ್ಲ.”

“ವಿಮಾನಕ್ಕೆ ಹೇಳ್ದೆ ಕಣಮ್ಮಾ,” ಒಳಗಿನಿಂದ ಒರ್ಮೊನ್ ಕೂಗಿದ. “ಅದು ನಿನಗಿಂತ ಚೆನ್ನಾಗಿ ಮಾತು ಕೇಳುತ್ತೆ.”

“ಕೇಳುತ್ತೆ ಕೇಳುತ್ತೆ. ಅದಕ್ಕೇನು, ಸಂಬಳ ಕೇಳಲ್ವಲ್ಲ!”

ಬುರುಲ್ ನಕ್ಕು ಬಲಗಡೆಯ ಸೀಟಿಗೆ ಇಳಿದಳು. ಗವಸುಗಳನ್ನು ಕಾಲ ಬುಡದ ಚೀಲಕ್ಕೆ ತುರುಕಿದಳು.

ಜನ ಹತ್ತಿದರು. ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಕೇಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ ದಪ್ಪ ಹೆಂಗಸು. ಹೊಲಿಗೆ ಯಂತ್ರದ ತಲೆಯನ್ನು ಮಗುವಿನಂತೆ ಅಪ್ಪಿಕೊಂಡು ಬಂದವನು. ಮುಂದಿನ ಸಾಲಿನಲ್ಲಿ ಬಿಳಿ ಫೆಲ್ಟ್ ಟೋಪಿಯ, ಬಿಳಿ ಗಡ್ಡದ ಅಜ್ಜ. ಬಾಗಿಲು ಮುಚ್ಚುತ್ತಿದ್ದಂತೆ ಯಾರೋ, “ಅಕ್ಸಾಕಾಲ್, ಬಾತಾ ಕೊಡಿ,” ಎಂದರು. ಹಿರಿಯರ ಬಾತಾ ಇಲ್ಲದೆ, ಆ ಹರಕೆಯ ಮಾತಿಲ್ಲದೆ, ಇಲ್ಲಿ ಕುದುರೆಯೂ ಹೊರಡುವುದಿಲ್ಲ, ವಿಮಾನವೂ ಹೊರಡುವುದಿಲ್ಲ. ಅಜ್ಜ ಎರಡೂ ಅಂಗೈಗಳನ್ನು ಎತ್ತಿ ಹಿಡಿದ. “ದಾರಿ ಬೆಳ್ಳಗಿರಲಿ. ಹೋಗುವವರು ತಲುಪಲಿ. ಕಾಯುವವರ ಕಣ್ಣು ತಣ್ಣಗಿರಲಿ. ಓಮಿನ್.” “ಓಮಿನ್,” ಎಂದು ಎಲ್ಲರೂ ಅಂಗೈಗಳಿಂದ ಮುಖ ಸವರಿಕೊಂಡರು. ಕಾಕ್‌ಪಿಟ್ಟಿನ ತೆರೆದ ಬಾಗಿಲಿನಿಂದ ಆ ಸದ್ದು ಒಳಗೂ ಬಂತು. ಬುರುಲ್ ಮುಖ ಸವರಿಕೊಂಡಳು. ಒರ್ಮೊನ್ ಸವರಿಕೊಳ್ಳಲಿಲ್ಲ. ಅವನು ಎಂದೂ ಸವರಿಕೊಳ್ಳುತ್ತಿರಲಿಲ್ಲ. ಬಾತಾ ಮುಗಿಯುವವರೆಗೂ ಕೈಗಳನ್ನು ತೊಡೆಯ ಮೇಲಿಟ್ಟು ಕಿಟಕಿಯಾಚೆ ನೋಡುತ್ತಿರುತ್ತಿದ್ದ.

ರನ್‌ವೇ ಮುಂದೆ ನೇರವಾಗಿ ಬಿದ್ದಿತ್ತು.

“ಹೊರಡೋಣ್ವಾ?”

“ಹೊರಡೋಣ ಬೈಕೆ.”

ಅವನು ಎಂಜಿನ್‌ಗಳ ಹಿಡಿಗಳನ್ನು ಮುಂದಕ್ಕೆ ದೂಡಿದ. ವಿಮಾನ ನಡುಗಿ ಓಡತೊಡಗಿತು. ಈಗ ಅವಳದು ಒಂದೇ ಕೆಲಸ: ಮುಳ್ಳು ಮೇಲೇಳುತ್ತಿದ್ದಂತೆ ‘ವೇಗ ಬಂತು’ ಎನ್ನಬೇಕು, ನೂರಕ್ಕೆ ಬಂದಾಗ ‘ನೂರು’ ಎನ್ನಬೇಕು, ಇಬ್ಬರ ಮುಳ್ಳೂ ಒಂದೇ ಮಾತು ಹೇಳುತ್ತಿದೆಯೇ ಎಂದು ನೋಡಬೇಕು. ಅವಳು ಮುಳ್ಳನ್ನು ನೋಡಿದಳು. ಅದು ಬುಡದಲ್ಲೇ ಮಲಗಿತ್ತು. ರನ್‌ವೇಯ ಬಿಳಿ ಗೆರೆಗಳು ಒಂದರೊಳಗೊಂದು ಸೇರಿ ಓಡುತ್ತಿದ್ದವು, ಮುಳ್ಳು ಮಲಗೇ ಇತ್ತು.

ಮೊದಲು ಅವಳಿಗೆ ಅನಿಸಿದ್ದು: ಗವಸು ಕಳಚದೆ ಬಿಟ್ಟೆನಾ?

ಬಾಯಿ ತೆರೆಯುವ ಬದಲು ಅವಳು ಕಾಲಿನಿಂದ ಚೀಲವನ್ನು ತಡಕಿದಳು. ಮೂರೂ ಇದ್ದವು, ದಪ್ಪ ಬಟ್ಟೆ ಬೂಟಿಗೆ ತಗುಲಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಆ ಹೊತ್ತು ಕಳೆದುಹೋಯಿತು.

“ಬೈಕೆ, ನನ್ನ ಮುಳ್ಳು... ನನ್ನದು ಏಳ್ತಿಲ್ಲ.”

ಅವನ ಕಣ್ಣು ಮುಂದೆಯೇ ನೆಟ್ಟಿತ್ತು. ಎಂಜಿನ್‌ಗಳು ಬೊಬ್ಬಿಡುತ್ತಿದ್ದವು. ಆಮೇಲೆ ಅವನ ಗಂಟಲಿನಿಂದ ಒಂದು ಕೂಗು ಬಂತು. ಅದು ಅವನ ದನಿಯಲ್ಲ. ಇಪ್ಪತ್ತೈದರ ಹುಡುಗನೊಬ್ಬ ಹೆದರಿ, ಹಿರಿಯನೊಬ್ಬನನ್ನು ಅಂಗಲಾಚುವ ದನಿ.

“ಸುಯೂನ್ ಬೈಕೆ, ನಿಲ್ಲಿಸಿ! ನಿಲ್ಲಿಸಿ!”

ಹಾಗೆ ಕೂಗುತ್ತಲೇ ಅವನ ಬಲಗೈ ಹಿಡಿಗಳನ್ನು ಹಿಂದಕ್ಕೆಳೆಯಿತು, ಕಾಲು ಬ್ರೇಕಿನ ಮೇಲೆ ಬಿತ್ತು. ಬುರುಲ್‌ಳ ಎದೆಗೆ ಪಟ್ಟಿ ಕಚ್ಚಿಕೊಂಡಿತು. ಟೈರು ಚೀರಿತು. ಹಿಂದಿನಿಂದ ಯಾರದೋ ಕಿರುಚಾಟ, ಏನೋ ಉರುಳಿದ ಸದ್ದು. ಅಲುಗಾಡುತ್ತ, ಮುಗ್ಗರಿಸುತ್ತ ವಿಮಾನ ನಿಂತಿತು. ಮುಂದೆ ರನ್‌ವೇ ಇನ್ನೂ ಬೇಕಾದಷ್ಟಿತ್ತು.

ರಬ್ಬರು ಸುಟ್ಟ ವಾಸನೆ ಒಳಬಂತು. ಒರ್ಮೊನ್ ಗೋಪುರದವರೊಡನೆ ರಷ್ಯನ್ನಿನಲ್ಲಿ ಮಾತಾಡಿದ, ಎಂದಿನ ನಿಧಾನದ ದನಿಯಲ್ಲಿ: ಹೊರಡುವುದನ್ನು ಕೈಬಿಟ್ಟಿದ್ದೇವೆ, ಸಲಕರಣೆ ಕೆಟ್ಟಿದೆ, ಎಲ್ಲರೂ ಕ್ಷೇಮ. ಅವನ ಕೈ ಮಾತ್ರ ಹಿಡಿಗಳನ್ನು ಬಿಡಲಿಲ್ಲ.

“ಜನಕ್ಕೆ ಹೇಳು ಬುರುಲ್,” ಎಂದ.

ಅವಳು ಹೇಳಿದಳು. ತನ್ನ ದನಿ ತನಗೇ ಬೇರೆ ಯಾರದೋ ಅನಿಸಿತು. ಅಪ್ಪನ ಹೆಸರನ್ನು ಆ ಸೀಟಿನಲ್ಲಿ ಕೂತು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದಳು. ಅವನ ಬಾಯಿಂದ ಕೇಳಿದ್ದು ಇದೇ ಮೊದಲು.

ನಿಲ್ದಾಣದ ಕಟ್ಟಡದ ಕಡೆಗೆ ವಿಮಾನವನ್ನು ನಿಧಾನಕ್ಕೆ ಉರುಳಿಸಿ ತಂದರು. ಎಂಜಿನ್ ನಿಂತ ಮೇಲೆ ಬುರುಲ್ ಹಿಂದೆ ಬಂದಳು. ಕೇಕಿನ ಹೆಂಗಸು ಡಬ್ಬಿ ತೆರೆದು ನೋಡಿಕೊಂಡು ಗೋಳಾಡುತ್ತಿದ್ದಳು.

“ಅಯ್ಯೋ, ನನ್ನ ಕೇಕು! ಗುಲಾಬಿ ಎಲ್ಲಾ ಮುಚ್ಚಳಕ್ಕೆ ಮೆತ್ಕೊಂಡಿದೆ!”

“ಮುಚ್ಚಳಾನೇ ನೆಕ್ಕು ಎಜೆ,” ಹೊಲಿಗೆ ಯಂತ್ರದವನು ಹೇಳಿದ. “ಗುಲಾಬಿ ಹೋದ್ರೆ ಹೋಗ್ಲಿ, ತಲೆ ಉಳೀತಲ್ಲ.”

“ನಿನ್ನ ತಲೆ ಕಬ್ಬಿಣದ್ದು, ಮಡಿಲಲ್ಲೇ ಇದೆ, ಅದಕ್ಕೇನಾಗತ್ತೆ!”

ಎಲ್ಲರೂ ಜೋರಾಗಿ ನಕ್ಕರು. ಹೆದರಿದವರ ನಗು. ಕಿಟಕಿ ಪಕ್ಕದ ಮುದುಕಿಯೊಬ್ಬಳು ಮಾತ್ರ ನಗಲಿಲ್ಲ. ದಾರಿಯಿಂದ ತಿರುಗಿ ಬಂದವರು ಕನ್ನಡಿ ನೋಡದೆ ಕೆಳಗಿಳಿಯಬಾರದು ಎಂದು ಹಟ ಹಿಡಿದಳು. ಚಿನಾರಾ ತನ್ನ ಪೌಡರ್ ಡಬ್ಬಿಯ ಕನ್ನಡಿಯನ್ನು ತೆಗೆದುಕೊಟ್ಟಳು. ಅದು ಕೈಯಿಂದ ಕೈಗೆ ಸಾಲಾಗಿ ಬಂತು. ಗಡ್ಡದವರು, ಮಕ್ಕಳು, ಎಲ್ಲರೂ ಒಂದೊಂದು ಸಲ ತಮ್ಮ ಮುಖ ಇನ್ನೂ ಇದೆಯೇ ಎಂದು ನೋಡಿಕೊಂಡರು. ಬುರುಲ್‌ಳ ಕೈಗೂ ಬಂತು. ಪುಟ್ಟ ದುಂಡು ಗಾಜಿನಲ್ಲಿ ಒಂದು ಹುಬ್ಬು, ಒಂದು ಕಣ್ಣು. ಮನೆಯ ಗೋಡೆಯ ಮೇಲಿನ ಅಪ್ಪನ ಫೋಟೋದಲ್ಲಿರುವ ಹುಬ್ಬೇ ಅದು. ಅವಳು ಬೇಗನೆ ಕನ್ನಡಿಯನ್ನು ಮುಂದಕ್ಕೆ ಕೊಟ್ಟಳು.

“ಅಕ್ಸಾಕಾಲ್,” ಕೇಕಿನ ಹೆಂಗಸು ಕಣ್ಣೊರೆಸಿಕೊಂಡು ಕೇಳಿದಳು, “ಬಾತಾ ಕೊಟ್ಟಾಗಿತ್ತಲ್ಲ. ಕೊಟ್ಟ ಮೇಲೆ ತಿರುಗಿ ಬಂದ್ವಿ. ಇದು ಒಳ್ಳೇದಲ್ಲ ಅಂತಾರೆ. ಈಗ ಮತ್ತೆ ಕೊಡ್ತೀರೋ, ಹಳೇದೇ ನಡೆಯುತ್ತೋ?”

ಅಜ್ಜ ಟೋಪಿಯನ್ನು ಸರಿಮಾಡಿಕೊಂಡ. “ಬಾತಾ ಏನು ಹಾಲೇನಮ್ಮಾ, ಹುಳಿಯಾಗೋಕೆ? ನಾನು ಕೊಟ್ಟಿದ್ದು ನಿಮಗೆ, ಈ ತಗಡಿಗಲ್ಲ. ಅದು ಕೆಲಸ ಮಾಡಿದ್ದಕ್ಕೇ ನಿಂತ್ವಿ. ನಡಿ, ಕೆಳಗಿಳಿ. ನಿನ್ನ ಕೇಕು ಮುದ್ದೆಯಾದ್ರೂ ಸಿಹಿಯಾಗೇ ಇರುತ್ತೆ, ನಮಗೂ ಒಂದು ಚೂರು ಕೊಡು.”

ಇಸ್ಮಾತ್ ಏಣಿ ತಂದು ಮೂತಿಗೆ ಒರಗಿಸಿದ. ಬುರುಲ್‌ಳ ಕಡೆಯ ಕೊಳವೆಯೊಳಗೆ ತಂತಿ ತೂರಿಸಿ ಮೆಲ್ಲನೆ ತಿರುವಿದ. ಒಣ ಮಣ್ಣು ಉದುರಿತು. ಅದರ ಜೊತೆ ಅಕ್ಕಿಕಾಳಿನಂಥ ಬೆಳ್ಳನೆಯ ಮರಿಹುಳು ಅವನ ಅಂಗೈಗೆ ಬಿತ್ತು.

“ಕಡಜದ ಹುಳು,” ಎಂದ. “ಬಿಸಿಲು ಬಂತಲ್ಲ, ಮನೆ ಕಟ್ಕೊಂಡಿದೆ. ಗವಸಿನ ತೂತಿಂದ ಹೋಗಿದೆ. ನೀನು ಇಣುಕಿದ್ರೂ ಕಾಣ್ತಿರ್ಲಿಲ್ಲ ತಂಗಿ, ಒಳಗೆ ಹೋಗಿ ಕೂತಿತ್ತು. ನಾಳ ಪೂರ್ತಿ ಬಿಚ್ಚಿ ಊದ್ಬೇಕು. ಇವತ್ತಿಗೆ ಇದು ಹಾರೋದಿಲ್ಲ, ನಾಳೆ ಬೆಳಿಗ್ಗೆ ನೋಡೋಣ.”

ಬುರುಲ್ ಆ ಹುಳುವನ್ನು ನೋಡುತ್ತ ನಿಂತಳು. ಗವಸು ಹೊಲಿಸಬೇಕೆಂದು ಒಂದು ವಾರದಿಂದ ಅಂದುಕೊಂಡಿದ್ದು ನೆನಪಾಯಿತು. ನಿಂತಲ್ಲೇ ಇಸ್ಮಾತ್‌ಗೆ ಅದನ್ನು ಹೇಳಿದಳು. ಆಮೇಲೆ ಗವಸುಗಳನ್ನು ತರಲೆಂದು ಮೇಲೆ ಹತ್ತಿದಳು.

ವಿಮಾನ ಖಾಲಿಯಾಗಿತ್ತು. ಕಾಕ್‌ಪಿಟ್ಟಿನಲ್ಲಿ ಒರ್ಮೊನ್ ಇದ್ದ. ತನ್ನ ಸೀಟಿನಲ್ಲಲ್ಲ, ಬಲಗಡೆ, ಅವಳ ಸೀಟಿನಲ್ಲಿ. ಮಂಡಿಗಳನ್ನು ಒತ್ತಿಟ್ಟುಕೊಂಡು, ಶಾಲೆಯ ಹುಡುಗನಂತೆ ಕೂತು ಮಲಗಿದ್ದ ಮುಳ್ಳನ್ನೇ ನೋಡುತ್ತಿದ್ದ.

ಅವಳು ಬಾಗಿಲಲ್ಲೇ ನಿಂತಳು. ಎಡಗಡೆಯ ಸೀಟು ಖಾಲಿಯಿತ್ತು. ಅದರಲ್ಲಿ ಕೂರಲು ಅವಳಿಗೆ ಧೈರ್ಯವಾಗಲಿಲ್ಲ. ಯಾರಾದರೂ ಕೂತಿರುವ ಸೀಟಿನಲ್ಲಿ ಹೇಗೆ ಕೂರುವುದು ಎಂಬಂಥ ಹಿಂಜರಿಕೆ. ಪ್ರತಿ ಬೆಳಿಗ್ಗೆಯ ಆ ಸಲಾಮ್ ಯಾರಿಗೆ ಸಲ್ಲುತ್ತಿತ್ತು ಎಂದು ಅವಳಿಗೆ ಆಗ ತಿಳಿಯಿತು.

“ಬೈಕೆ, ನೀವು ಕೂಗಿದ್ದು ನನಗೆ ಕೇಳಿಸ್ತು.”

ಅವನು ತಲೆಯಾಡಿಸಿದ. ತಿರುಗಿ ನೋಡಲಿಲ್ಲ.

“ಅವತ್ತೂ ಹಾಗೇ ಕೂಗಿದ್ರಾ?”

“ಕೂಗಿದ್ದೆ,” ಎಂದ.

ಕೆಳಗೆ ಇಸ್ಮಾತ್ ಏಣಿ ಎಳೆಯುವ ಸದ್ದು. ಅವಳು ಹೋಗುವುದಿಲ್ಲ ಎಂದು ತಿಳಿದ ಮೇಲೆ ಮಾತಾಡಿದ.

“ಇಲ್ಲೇ ಕೂತಿದ್ದೆ. ನನ್ನ ಮುಳ್ಳು ಏಳ್ಲಿಲ್ಲ. ಬೈಕೆ ನಿಲ್ಲಿಸಿ ಅಂದೆ. ಅವರು ನನ್ನ ಕಡೆ ನೋಡಿ ನಕ್ಕರು. ಎಷ್ಟು ಒಳ್ಳೇ ನಗು ಅಂತೀಯ. ‘ನನ್ನದು ಎದ್ದಿದೆಯಲ್ಲ ತಮ್ಮಾ’ ಅಂದ್ರು. ಹಿಂದೆ ಮದುವೆ ದಿಬ್ಬಣ ಕೂತಿತ್ತು. ದೊಡ್ಡವರು ಬಾತಾ ಕೊಟ್ಟಾಗಿತ್ತು. ‘ಬಾತಾ ಆದ್ಮೇಲೆ ದಿಬ್ಬಣಾನ ತಿರುಗಿಸ್ತಾರೇನೋ? ಹುಡುಗಿಗೆ ಅಪಶಕುನ ಆಗಲ್ವಾ? ನಾನು ಇವತ್ತಿನವರೆಗೆ ತಿರುಗಿದವನಲ್ಲ’ ಅಂದ್ರು. ನಾನು ಇನ್ನೊಂದ್ಸಲ ಕೂಗಿದೆ. ಅಷ್ಟ್ರಲ್ಲಿ ಮೇಲೆದ್ದಾಗಿತ್ತು. ಮೋಡದೊಳಗೆ ಹೋದ್ಮೇಲೆ ಅವರ ಕೊಳವೇಲೂ ಹಿಮ ಕಟ್ತು. ಅವರ ಮುಳ್ಳೂ ಸುಳ್ಳು ಹೇಳೋಕೆ ಶುರು ಮಾಡ್ತು.”

“ತನಿಖೆಯವರು ಕೇಳಿದಾಗ?”

“ನೆನಪಿಲ್ಲ ಅಂದೆ.”

“ಯಾಕೆ?”

“ಸತ್ತವರು ಬಂದು ಉತ್ತರ ಕೊಡ್ತಾರಾ? ನನಗೆ ಈ ಕೆಲಸ ಕಲಿಸಿದವರು ಅವರು.” ಅವನು ಅಂಗೈಯಿಂದ ಮಂಡಿಯನ್ನು ಉಜ್ಜಿಕೊಂಡ. “ನಿಮ್ಮ ತಾಯಿ ಆಸ್ಪತ್ರೆಗೆ ಬಂದಿದ್ರು. ಹಾಸಿಗೆ ಮೇಲಿದ್ದವನಿಗೆ ಚಪ್ಪಲೀಲಿ ಹೊಡೆದ್ರು. ನರ್ಸುಗಳು ಬಿಡಿಸೋಕೆ ಬಂದ್ರು. ಬಿಡಿ, ಹೊಡೀಲಿ ಅಂದೆ. ಹೊಡಿಯೋಕಾದ್ರೂ ಒಬ್ಬ ಬೇಕಲ್ಲ ಅವರಿಗೆ. ಬೆಟ್ಟಾನ ಹೊಡಿಯೋಕಾಗುತ್ತಾ?”

ಬುರುಲ್‌ಗೆ ಆ ದಿನ ನೆನಪಿತ್ತು. ತಾಯಿ, ಅವಳ ಅಪಾ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದಳು. ಇನ್ನೊಂದು ಎಲ್ಲಿ ಹೋಯಿತೆಂದು ಹನ್ನೊಂದು ವರ್ಷದ ಹುಡುಗಿ ಕೇಳಿರಲಿಲ್ಲ.

“ನಿಮ್ಮ ರೊಟ್ಟಿ?” ಎಂದು ಕೇಳಿದಳು. ಯಾಕೆ ಕೇಳಿದೆನೋ ಅವಳಿಗೇ ತಿಳಿಯಲಿಲ್ಲ. “ಅವತ್ತು ನೀವು ಕಚ್ಚಿಟ್ಟು ಹೋದದ್ದು?”

“ಅಮ್ಮ ಆಸ್ಪತ್ರೆಗೆ ತಂದಿದ್ಲು. ನನ್ನ ಮಗ ತಿರುಗಿ ಬಂದ, ತಿನ್ನು ಅಂತ.” ಅವನು ಎದ್ದು ನಿಂತ. ತಗ್ಗು ಚಾವಣಿಯ ಕೆಳಗೆ ಬಗ್ಗಿಯೇ ನಿಲ್ಲಬೇಕಿತ್ತು. “ಗಂಟಲಲ್ಲಿ ಇಳೀಲಿಲ್ಲ. ಈಗ್ಲೂ ನಮ್ಮ ಮನೇಲೇ ತೂಗ್ತಿದೆ.”

ಗವಸುಗಳನ್ನು ಎತ್ತಿ ಅವಳ ಕೈಗೆ ಕೊಟ್ಟ. “ನೀನು ಬೇರೆ ಕಡೆ ಹೋಗ್ತೀನಿ ಅಂದಿದ್ದು ಗೊತ್ತು. ಒಳ್ಳೇದೇ. ನಾನು ತಪ್ಪು ತಿಳ್ಕೊಳ್ಳಲ್ಲ.”

ಮೆಟ್ಟಿಲಿಳಿದು ಹೋದ. ಬುರುಲ್ ತನ್ನ ಸೀಟಿನ ಬೆನ್ನನ್ನು ಮುಟ್ಟಿದಳು. ಬೆಚ್ಚಗಿತ್ತು. ಆಮೇಲೆ, ಯಾಕೋ ತಡೆಯಲಾಗದೆ, ಎಡಗಡೆಯ ಸೀಟಿನ ಬೆನ್ನನ್ನೂ ಮುಟ್ಟಿದಳು. ಒಂದು ಗಂಟೆಯ ಹಿಂದೆ ಬದುಕಿರುವ ಮನುಷ್ಯನೊಬ್ಬ ಅಲ್ಲಿ ಕೂತಿದ್ದ. ಆದರೂ ಅದು ತಣ್ಣಗೆ ಕೊರೆಯುತ್ತಿತ್ತು.

ಹೊರಡುವ ಮೊದಲು ಮುಖ್ಯ ಪೈಲಟ್‌ನ ಕೋಣೆಯ ಮುಂದೆ ನಡೆದುಹೋದಳು. ಅವನು ಫೋನಿನಲ್ಲಿದ್ದವನು ಅವಳನ್ನು ಕಂಡು ಹುಬ್ಬೇರಿಸಿದ. ಬುರುಲ್ ಆಮೇಲೆ ಎಂಬಂತೆ ಕೈಯಾಡಿಸಿ ಮುಂದೆ ಹೋದಳು.

ಮನೆಯ ಗೇಟು ತೆಗೆದಾಗ ಅನಿಪಾ ಅಂಗಳದಲ್ಲಿ ಹೊದಿಕೆಯ ಉಣ್ಣೆಯನ್ನು ಬಿಸಿಲಿಗೆ ಹರಡಿ ಕೋಲಿನಿಂದ ಬಡಿಯುತ್ತಿದ್ದಳು.

“ಇಷ್ಟು ಬೇಗ? ಬಾತ್ಕೆನ್ ಇಷ್ಟು ಹತ್ರ ಬಂತಾ?”

“ಹೋಗ್ಲೇ ಇಲ್ಲ ಅಪಾ. ಅರ್ಧ ಓಡಿ ನಿಲ್ಲಿಸಿದ್ವಿ. ಕೊಳವೇಲಿ ಹುಳು ಗೂಡು ಕಟ್ಟಿತ್ತು. ನಾಳೆ ಹೋಗೋದು.”

ಅನಿಪಾ ಕೋಲು ಕೆಳಗಿಟ್ಟು ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹತ್ತಿರ ಬಂದು ತೋಳು ಮುಟ್ಟಿದಳು, ಬೆನ್ನು ಸವರಿದಳು, ಕುದುರೆ ಕೊಳ್ಳುವವರು ನೋಡುವ ಹಾಗೆ. ಏನೂ ಮುರಿದಿಲ್ಲವೆಂದು ಖಚಿತವಾದ ಮೇಲೆ ಬೈಯಲು ಶುರುಮಾಡಿದಳು.

“ಕನ್ನಡಿ ನೋಡಿದ್ಯಾ?”

“ನೋಡ್ದೆ.”

“ಬಾತಾ ಆಗಿತ್ತಾ?”

“ಆಗಿತ್ತು.”

“ಬಾತಾ ಆದ್ಮೇಲೆ ನಿಲ್ಲಿಸಿದ್ರಾ? ಯಾರು? ಆ ನಿನ್ನ ವಿಕ್ತೊರಾ?”

“ಹೂಂ.”

“ಹೆದರುಪುಕ್ಕಲ. ಮಂಡಿನೋವಿನವನ ಕೈಲಿ ವಿಮಾನ ಕೊಟ್ರೆ ಇನ್ನೇನಾಗುತ್ತೆ.” ಅವಳು ಮತ್ತೆ ಕೋಲೆತ್ತಿಕೊಂಡಳು. ಉಣ್ಣೆಯಿಂದ ಧೂಳು ಎದ್ದು ಬಿಸಿಲಲ್ಲಿ ನಿಂತಿತು. “ನಿಮ್ಮಪ್ಪ ಒಂದು ಸಲಾನೂ ಅರ್ಧದಿಂದ ತಿರುಗಿದವರಲ್ಲ. ಊರೆಲ್ಲಾ ಹೇಳ್ತಿತ್ತು, ಸುಯೂನ್ ಹೊರಟ ಅಂದ್ರೆ ತಲುಪಿದ ಹಾಗೇ ಅಂತ. ಅವರೇ ಇದ್ದಿದ್ರೆ ಇವತ್ತು ನಿಲ್ಲಿಸ್ತಿದ್ರಾ?”

ಬುರುಲ್ ತಾಯಿಯ ಮುಖವನ್ನು ನೋಡಿದಳು. ಸುಕ್ಕುಗಳ ನಡುವೆ ಹೆಮ್ಮೆಯಿಂದ ಹೊಳೆಯುತ್ತಿದ್ದ ಆ ಕಣ್ಣುಗಳು. ಒಂದೇ ಒಂದು ವಾಕ್ಯ ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂದು, ಎಳ್ಳಿನ ಕಾಳಿನಂತೆ ಅಲ್ಲೇ ನಿಂತಿತ್ತು.

“ಇಲ್ಲ ಅಪಾ,” ಎಂದಳು. “ನಿಲ್ಲಿಸ್ತಿರ್ಲಿಲ್ಲ.”

“ಅದನ್ನೇ ಹೇಳಿದ್ದು.”

ಅನಿಪಾ ತೃಪ್ತಿಯಿಂದ ಉಣ್ಣೆ ಬಡಿದಳು.

ಒಳಗೆ ಕೋಣೆ ತಂಪಾಗಿತ್ತು. ಬುರುಲ್ ಟೋಪಿ ತೆಗೆದಿಟ್ಟು ಗೋಡೆಯ ಮುಂದೆ ನಿಂತಳು. ಹಸಿವಾಗಿತ್ತು. ಬೆಳಗಿನ ಗಂಟಿನ ಕಡೆಗೆ ಕೈ ಹೋಯಿತು.

“ಅದನ್ನ ಮುಟ್ಬೇಡ!” ಅಂಗಳದಿಂದ ಕೂಗು ಬಂತು. ಅಪಾಗೆ ಬೆನ್ನಲ್ಲೂ ಕಣ್ಣು. “ಹೋಗದೇ ಇದ್ದೋಳು ಬಂದ ಹಾಗಾಗಲ್ಲ. ಹೋಗಿ ಬಂದ್ಮೇಲೇ ತಿನ್ನೋದು. ಒಲೆ ಮೇಲೆ ಸಾರಿದೆ, ಬಡಿಸ್ಕೋ. ನಾಳೆ ಹೊಸದಾಗಿ ಕಚ್ಚಬೇಕೋ, ಇದನ್ನೇ ಇನ್ನೊಂದ್ಸಲ ಕಚ್ಚಬೇಕೋ ಅಂತ ಪಕ್ಕದ ಮನೆ ಅಜ್ಜೀನ ಕೇಳ್ತೀನಿ. ಇಂಥದ್ದು ನಮ್ಮನೇಲಿ ಯಾವತ್ತೂ ಆಗಿದ್ದಿಲ್ಲ.”

ಆಗಿದ್ದರೆ, ಎಂದು ಬುರುಲ್ ಅಂದುಕೊಂಡಳು. ಒಮ್ಮೆಯಾದರೂ ಆಗಿದ್ದರೆ.

ಅಪಾಳ ಬೆರಳುಗಳ ಜಿಡ್ಡಿಗೆ ಕಪ್ಪಾದ ಅಪ್ಪನ ಗಂಟು ಆಚೆ ಮೊಳೆಯಲ್ಲಿತ್ತು. ಊರಿನ ಇನ್ನೊಂದು ತುದಿಯ ಮನೆಯೊಂದರಲ್ಲಿ ಅದೇ ಬೆಳಿಗ್ಗೆ ಕಚ್ಚಿಟ್ಟ ಇನ್ನೊಂದು ರೊಟ್ಟಿ ತೂಗುತ್ತಿದೆ. ಒಂದೇ ವಿಮಾನ, ಎರಡು ಗೋಡೆ. ಒಬ್ಬ ಬರಲಿಲ್ಲ. ಇನ್ನೊಬ್ಬ ಬಂದ ಎಂದು ಎಲ್ಲರೂ ತಿಳಿದಿದ್ದರು. ಅವನು ಇಪ್ಪತ್ತೆರಡು ವರ್ಷ ಖಾಲಿ ಸೀಟಿಗೆ ತಲೆಬಾಗಿ ಸಲಾಮ್ ಹೇಳುತ್ತ, ಆ ಓಡುವ ರನ್‌ವೇಯ ಮೇಲೇ ಇದ್ದ. ಇವತ್ತು ಬೆಳಿಗ್ಗೆಯಷ್ಟೇ ಅವನ ಕೈ ವಿಮಾನವನ್ನು ನಿಲ್ಲಿಸಿತು. ತಪ್ಪಿದ ಕೈ ಅದಾಗಿರಲಿಲ್ಲ.

ಅವಳು ಅಪ್ಪನ ಗಂಟನ್ನು ಮೊಳೆಯಿಂದ ಇಳಿಸಿ ಅಂಗೈಯಲ್ಲಿ ಹಿಡಿದಳು. ಬಟ್ಟೆಯೊಳಗೆ ಅದು ಕಲ್ಲಾಗಿತ್ತು, ಆದರೆ ಹಗುರ. ಅಂಚಿನಲ್ಲಿ ಹೆಬ್ಬೆರಳಿಗೆ ಒಂದು ಬಾಗು ಸಿಕ್ಕಿತು: ಅಪ್ಪನ ಹಲ್ಲು ಕಚ್ಚಿದ ಜಾಗ. ಎಳೆಯವಳಿದ್ದಾಗ ಎಷ್ಟೋ ಮಧ್ಯಾಹ್ನ ಅದನ್ನು ಬಟ್ಟೆಯ ಮೇಲಿನಿಂದಲೇ ಸವರಿದ್ದಳು. ಅಪ್ಪ ನಗುತ್ತ ಕಚ್ಚಿರಬೇಕು. ಎಷ್ಟು ಒಳ್ಳೇ ನಗು ಅಂತೀಯ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಹಿಂದೆಂದೂ ಬಾರದಷ್ಟು. ಸಿಟ್ಟಿನ ಹಿಂದೆಯೇ ಅವನು ಬೇಕೆನಿಸಿತು. ಎರಡೂ ಒಂದೇ ಎದೆಯಲ್ಲಿ ಪಕ್ಕಪಕ್ಕ ಕೂತವು, ಒಂದು ಎಡಕ್ಕೆ, ಒಂದು ಬಲಕ್ಕೆ.

ಗಂಟಿನ ದಾರ ಸಡಿಲವಾಗಿತ್ತು. ಬುರುಲ್ ಅದನ್ನು ಬಿಚ್ಚಿ, ಬಟ್ಟೆಯ ಅಂಚುಗಳನ್ನು ಮತ್ತೆ ಒಳಕ್ಕೆ ಮಡಚಿ, ಬಿಗಿಯಾಗಿ ಎರಡು ಸುತ್ತು ಸುತ್ತಿ ಕಟ್ಟಿದಳು. ಕಟ್ಟುತ್ತಿರುವಾಗಲೇ ಅವಳಿಗೆ ಗೊತ್ತಾಯಿತು. ಮುಖ್ಯ ಪೈಲಟ್‌ನ ಕೋಣೆಗೆ ಅವಳು ಹೋಗುವುದಿಲ್ಲ. ನಾಳೆ ಬೆಳಿಗ್ಗೆ ಬಲಗಡೆಯ ಸೀಟಿನಲ್ಲಿ, ಒರ್ಮೊನ್‌ನ ಪಕ್ಕದಲ್ಲೇ ಕೂರುತ್ತಾಳೆ. ನಾಳಿದ್ದೂ. ಅವನು ಹಾರುವಷ್ಟು ದಿನವೂ. ಈ ಮನೆಯಲ್ಲಿ ವಿಕ್ತೊರ್ ಮಂಡಿ ನೋಯಿಸಿಕೊಂಡು, ಉಪ್ಪಿನಕಾಯಿ ತಿಂದುಕೊಂಡು ಬದುಕುತ್ತಾನೆ, ಅಪಾ ಬದುಕಿರುವವರೆಗೂ.

“ಏನು ಮಾಡ್ತಿದೀಯೇ ಅಲ್ಲಿ?”

“ಏನಿಲ್ಲ ಅಪಾ. ಗಂಟು ಸಡಿಲಾಗಿತ್ತು.”

ಅವಳು ಅದನ್ನು ಮೊಳೆಗೆ ನೇತುಹಾಕಿದಳು. ತೂಗಾಡುವುದು ನಿಲ್ಲುವವರೆಗೂ ಕೈ ಅಡ್ಡ ಹಿಡಿದಿದ್ದು, ಆಮೇಲೆ ಸಾರು ಬಡಿಸಿಕೊಳ್ಳಲು ಹೋದಳು.